ಮೊಳಕೆ ನೋಡದ ಬೀಜ

ಬಿತ್ತನೆ ಬೀಜಕ್ಕೆ ಹೆಸರಾದ ರಾಣೆಬೆನ್ನೂರಿನ ಸೀಮೆಯಲ್ಲಿ ಅನುಭವಿಯಾದ ರೈತನು ಬಿತ್ತುವ ಮುನ್ನ ಹಿಡಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ನೋಡುತ್ತಾನೆ. ಚೀಲ ತುಂಬಿದ ಮಾತ್ರಕ್ಕೆ ಆತನು ನಿಶ್ಚಿಂತನಾಗುವುದಿಲ್ಲ. ಗಣಕಯಂತ್ರಗಳನ್ನು ನಂಬಿದ ನಾವು ಮಾತ್ರ ಈ ವಿವೇಕವನ್ನು ಮರೆತಿದ್ದೇವೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನೇ ನೋಡಿರಿ. ಯಾರ ಮಾಲು, ಎಷ್ಟು ಚೀಲ, ಯಾವ ವ್ಯಾಪಾರಿ ಬರೆದ ದರವೆಷ್ಟು ಎಂಬುದೆಲ್ಲ ಇಂದು ಇ-ಟೆಂಡರಿನ ಮೂಲಕ ಡೇಟಾಬೇಸಿಗೆ ಸೇರುತ್ತದೆ. ಇಂತಹ ಲೆಕ್ಕ ಅಳಿದುಹೋದರೆ ರೈತನ ಒಂದು ವರ್ಷದ ದುಡಿಮೆಗೆ ಸಾಕ್ಷಿ ಯಾರು?

ಆದುದರಿಂದ ದಿನವೂ ಅದರ ಪ್ರತಿಯನ್ನು, ಎಂದರೆ ಬ್ಯಾಕಪ್ಪನ್ನು, ತೆಗೆದಿಡಬೇಕು. ಮನುಷ್ಯನು ಮರೆಯುತ್ತಾನೆ, ಹಬ್ಬಕ್ಕೆ ಊರಿಗೆ ಹೋಗುತ್ತಾನೆ. ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವುದು ಲೇಸು. ಯುನಿಕ್ಸ್ ಮಾದರಿಯ ಸರ್ವರುಗಳಲ್ಲಿ ಇದಕ್ಕಾಗಿ ‘ಕ್ರಾನ್’ ಎಂಬ ವ್ಯವಸ್ಥೆಯುಂಟು. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂದು ಅದರಲ್ಲಿ ಐದು ಅಂಕಣಗಳು. ಮೊದಲೆರಡರಲ್ಲಿ ೩೦, ೨ ಎಂದೂ ಉಳಿದವುಗಳಲ್ಲಿ ನಕ್ಷತ್ರಚಿಹ್ನೆಯನ್ನೂ ಇಟ್ಟು, ಮುಂದೆ ಪ್ರತಿ ತೆಗೆಯುವ ಆಜ್ಞೆಯನ್ನು ಬರೆದರಾಯಿತು. ದಿನವೂ ಬೆಳಗಿನ ಜಾವ ಎರಡೂವರೆಗೆ ಕೆಲಸ ತಾನಾಗಿ ನಡೆಯುತ್ತದೆ.

ಪ್ರತಿಯನ್ನು ಎಲ್ಲಿಡಬೇಕು? ೨೦೨೪ರ ಮಾರ್ಚ್ ೧೧ರಂದು, ದರ ಕುಸಿಯಿತೆಂದು ಸಿಟ್ಟಿಗೆದ್ದವರು ಬ್ಯಾಡಗಿಯ ಮಾರುಕಟ್ಟೆ ಕಚೇರಿಗೆ ಕಲ್ಲೆಸೆದರು, ವಾಹನಗಳಿಗೆ ಬೆಂಕಿಯಿಟ್ಟರು. ಮೂಲವೂ ಪ್ರತಿಯೂ ಒಂದೇ ಕೋಣೆಯಲ್ಲಿದ್ದರೆ ಒಂದೇ ಬೆಂಕಿ ಎರಡನ್ನೂ ನುಂಗೀತು. ಬ್ಯಾಡಗಿಯ ಲೆಕ್ಕದ ಪ್ರತಿ ಹಾವೇರಿಯಲ್ಲಿರಲಿ, ಹಾವೇರಿಯದು ರಾಣೆಬೆನ್ನೂರಿನಲ್ಲಿರಲಿ.

ಇಷ್ಟಾದರೆ ಮುಗಿಯಿತೆಂದು ಕೈತೊಳೆದುಕೊಳ್ಳುವವರೇ ಬಹಳ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ೨೦೧೭ರ ಜನವರಿ ೩೧ರಂದು, ತಂತ್ರಾಂಶಗಾರರಿಗೆ ಸೇವೆ ಒದಗಿಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮುಖ್ಯ ಡೇಟಾಬೇಸು ಕಣ್ತಪ್ಪಿನಿಂದ ಅಳಿಸಿಹೋಯಿತು. ದಿನವೂ ತಾನಾಗಿ ಸಿದ್ಧವಾಗಬೇಕಾಗಿದ್ದ ಪ್ರತಿಯನ್ನು ಹುಡುಕಿದರೆ, ಅದು ಇರಲೇ ಇಲ್ಲ! ತಂತ್ರಾಂಶದ ಆವೃತ್ತಿಗಳು ಹೊಂದದೆ ಬ್ಯಾಕಪ್ ವಿಫಲವಾಗುತ್ತಿತ್ತು. ಎಚ್ಚರಿಸಬೇಕಾದ ಇ-ಮೇಲುಗಳೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿದ್ದ ಪ್ರತಿಯೇ ಅವರನ್ನು ಕಾಪಾಡಿತು. ನಡುವಿನ ಆರು ಗಂಟೆಗಳ ದಾಖಲೆ ಹೋದುದು ಹೋಯಿತು.

ಪ್ರತಿ ತೆಗೆಯುವುದು ಯಂತ್ರದ ಕೆಲಸ, ಅದನ್ನು ಪರೀಕ್ಷಿಸುವುದು ಮನುಷ್ಯನ ಹೊಣೆ ಎಂಬುದು ನಮ್ಮ ಅಭಿಪ್ರಾಯ. ತಿಂಗಳಿಗೊಮ್ಮೆಯಾದರೂ ಅದನ್ನು ಬೇರೆ ಯಂತ್ರದಲ್ಲಿ ತೆರೆದು, ದಾಖಲೆಗಳನ್ನು ಎಣಿಸಿ, ನಿನ್ನೆಯ ವಹಿವಾಟು ಇದೆಯೇ ಎಂದು ನೋಡಬೇಕು. ಇದಕ್ಕೆ ಪುರುಸೊತ್ತಿಲ್ಲವೆನ್ನುವವರು ಲೆಕ್ಕ ಕಳೆದುಹೋದ ದಿನ ರೈತನಿಗೆ ಏನು ಉತ್ತರ ಹೇಳುವರು? ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಗಣಕದಲ್ಲಿಯೇ ಈ ಅಭ್ಯಾಸವನ್ನು ತೊಡಗಲಿ. ಮೊಳೆಯದ ಬೀಜ ಕಣಜ ತುಂಬ ಇದ್ದರೂ ಹೊಲ ಹಸುರಾಗದು.