ಪ್ರಶ್ನೆ ಬರೆದು ಕೊಡಬೇಡಿ, ಕೇಳಲು ಬಿಡಿ



'ಜನರಿಗೆ ಆಸಕ್ತಿಯೇ ಇಲ್ಲ.' ಶಾಲೆಯ ಪೋಷಕರ ಸಭೆಗೆ ಯಾರೂ ಬಾರದಿದ್ದರೂ ಇದೇ ಮಾತು, ಗ್ರಾಮಸಭೆಯಲ್ಲಿ ಕುರ್ಚಿಗಳು ಖಾಲಿ ಉಳಿದರೂ ಇದೇ ಮಾತು. ಹೇಳುವವರು ಓದಿದವರು, ಹೇಳಿಸಿಕೊಳ್ಳುವವರು ದುಡಿಯುವವರು. ಈ ಮಾತು ಸುಳ್ಳು ಎಂದೇ ನಾನು ಹೇಳುತ್ತೇನೆ. ಅದೂ ಅಧಿಕಾರದಲ್ಲಿ ಕುಳಿತವರಿಗೆ ಬಹಳ ಅನುಕೂಲವಾದ ಸುಳ್ಳು.

ಇದಕ್ಕೆ ಸಾಕ್ಷಿ ದೂರದ ಅಮೆರಿಕದಲ್ಲಿದೆ. ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಬಟ್ಟೆ ಗಿರಣಿಗಳ ಹಳೆಯ ಊರು, ವಲಸೆ ಬಂದ ಕಾರ್ಮಿಕರ ಊರು. ಮಕ್ಕಳು ಅರ್ಧಕ್ಕೆ ಶಾಲೆ ಬಿಡುವುದನ್ನು ತಡೆಯುವ ಕೆಲಸ ಸುಮಾರು 1990ರ ಹೊತ್ತಿಗೆ ಅಲ್ಲಿ ನಡೆದಿತ್ತು. ಶಾಲೆಯ ಕಡೆ ಏಕೆ ಬರುವುದಿಲ್ಲ ಎಂದು ವಿಚಾರಿಸಿದಾಗ ಪೋಷಕರು ಕೊಟ್ಟ ಉತ್ತರ ಸರಳವಾಗಿತ್ತು: ಬಂದರೂ ಏನು ಕೇಳಬೇಕೆಂದು ನಮಗೆ ಗೊತ್ತಿಲ್ಲ.

ಕಾರ್ಯಕರ್ತರು ಮೊದಲು ಮಾಡಿದ್ದು ನಾವೆಲ್ಲ ಮಾಡುವುದನ್ನೇ. ಪ್ರಶ್ನೆಗಳ ಪಟ್ಟಿ ಬರೆದು ಅವರ ಕೈಗಿತ್ತರು. ಅದು ಮುಗಿದ ಮೇಲೆ ಪೋಷಕರು ಇನ್ನಷ್ಟು ಪ್ರಶ್ನೆಗಳಿಗಾಗಿ ಮರಳಿ ಬಂದರು. ಉಪಕಾರ ಮಾಡಲು ಹೋಗಿ ಅವಲಂಬನೆಯನ್ನು ಕಲಿಸಿದ್ದೇವೆಂದು ಆಗ ಅರಿವಾಯಿತು. ಪ್ರಶ್ನೆ ಕೊಡುವುದನ್ನು ಬಿಟ್ಟು ಪ್ರಶ್ನೆ ಕಟ್ಟುವುದನ್ನು ಕಲಿಸತೊಡಗಿದರು. ಡ್ಯಾನ್ ರಾತ್‌ಸ್ಟೀನ್ ಮತ್ತು ಲೂಸ್ ಸಂಟಾನ ಕಟ್ಟಿದ ರೈಟ್ ಕ್ವೆಶ್ಚನ್ ಇನ್‌ಸ್ಟಿಟ್ಯೂಟ್ ಎಂಬ ಲಾಭರಹಿತ ಸಂಸ್ಥೆ ಬೆಳೆದದ್ದು ಹೀಗೆ. ಇವರಿಬ್ಬರು 2011ರಲ್ಲಿ ಹೊರತಂದ ಪುಸ್ತಕದಿಂದ ಈ ವಿಧಾನ ಶಾಲೆಗಳ ತರಗತಿಗೂ ಹರಡಿತು.

ವಿಧಾನಕ್ಕೆ ನಾಲ್ಕೇ ನಿಯಮ. ಒಂದು, ತೋಚಿದಷ್ಟು ಪ್ರಶ್ನೆ ಕೇಳಿ. ಎರಡು, ನಡುವೆ ನಿಂತು ಚರ್ಚಿಸಬೇಡಿ, ತೂಗಬೇಡಿ, ಉತ್ತರಿಸಬೇಡಿ. ಮೂರು, ಕೇಳಿದವರ ಮಾತನ್ನು ತಿದ್ದದೆ ಇದ್ದಂತೆಯೇ ಬರೆದುಕೊಳ್ಳಿ. ನಾಲ್ಕು, ಹೇಳಿಕೆ ಬಂದರೆ ಅದನ್ನು ಪ್ರಶ್ನೆಯಾಗಿ ತಿರುಗಿಸಿ. ಆಮೇಲೆ 'ಹೌದು', 'ಇಲ್ಲ' ಎಂಬ ಉತ್ತರದಲ್ಲಿ ಮುಗಿಯುವ ಪ್ರಶ್ನೆ ಯಾವುದು, ವಿವರಣೆ ಬೇಡುವ ಪ್ರಶ್ನೆ ಯಾವುದು ಎಂದು ಬೇರ್ಪಡಿಸಿ, ಒಂದನ್ನು ಇನ್ನೊಂದಾಗಿ ಮಾರ್ಪಡಿಸಿ ನೋಡುತ್ತಾರೆ. ಕೊನೆಗೆ ಮುಖ್ಯವಾದ ಮೂರನ್ನು ಆರಿಸುತ್ತಾರೆ. ಆರಿಸುವವರು ಕೇಳಿದವರೇ. ಬುದ್ಧಿವಂತರು ಅಲ್ಲಿ ಬಾಯಿ ಮುಚ್ಚಿಕೊಂಡಿರಬೇಕು!

ಶಾಲೆ, ಆಸ್ಪತ್ರೆ, ನೆರವು ಕೊಡುವ ಕಚೇರಿ, ಎಲ್ಲೇ ಆಗಲಿ, ತನ್ನ ಬಗ್ಗೆ ಒಂದು ತೀರ್ಮಾನವಾದಾಗ ಮನುಷ್ಯನು ಮೂರು ಸಂಗತಿ ಕೇಳಬೇಕೆನ್ನುತ್ತದೆ ಈ ಸಂಸ್ಥೆ. ಇದಕ್ಕೆ ಕಾರಣವೇನು? ಯಾವ ಕ್ರಮದಲ್ಲಿ ತೀರ್ಮಾನಿಸಿದಿರಿ? ಇದರಲ್ಲಿ ನನ್ನ ಪಾತ್ರವೇನು? ಮತಗಟ್ಟೆಯಲ್ಲಿ ಎಂದೋ ಒಮ್ಮೆ ಕಾಣುವ ಪ್ರಜಾಪ್ರಭುತ್ವ ಕಚೇರಿಯ ಕಿಟಕಿಯ ಮುಂದೆ ದಿನವೂ ನಡೆಯಬೇಕೆಂಬುದು ಇದರ ಅರ್ಥ. ಅಲ್ಲಿ ಪ್ರಶ್ನೆ ಕೇಳಿ ಅಭ್ಯಾಸವಾದವನು ಮತದ ಬೆಲೆಯನ್ನೂ ಅರಿಯುತ್ತಾನೆ.

'ಬರೀ ಪ್ರಶ್ನೆಯಿಂದ ಏನಾಗುತ್ತದೆ?' ಎಂದು ಹೋರಾಟದ ಗೆಳೆಯರು ಮೂಗು ಮುರಿಯಬಹುದು. ನಮ್ಮಲ್ಲೇ ನೋಡಿ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. 'ನಮ್ಮ ಓಣಿಯ ರಸ್ತೆ ಏಕೆ ಹಾಳಾಯಿತು?' ಎಂದು ಅರ್ಜಿ ಬರೆದರೆ, ಕೇಳಿದ್ದು ಮಾಹಿತಿಯಲ್ಲ ಎಂಬ ಹಿಂಬರಹದೊಡನೆ ಅದು ಮರಳಬಹುದು. ಅದೇ ರಸ್ತೆಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲುಗಳ ಪ್ರತಿ ಕೇಳಿದರೆ ಜಾರಿಕೊಳ್ಳುವುದು ಕಷ್ಟ. ಹಕ್ಕು ಒಂದೇ, ಸಿಟ್ಟೂ ಒಂದೇ, ಪ್ರಶ್ನೆಯ ರೂಪ ಬೇರೆ. ಕೇಳುವ ಕೌಶಲವಿಲ್ಲದವನ ಕೈಯಲ್ಲಿ ಕಾಯ್ದೆ ಬರೀ ಕಾಗದ.

ಇನ್ನು ಕೆಲವರು, 'ಹನ್ನೆರಡನೆಯ ಶತಮಾನದಲ್ಲೇ ಪ್ರಶ್ನಿಸಿದವರು ನಮ್ಮ ಶರಣರು, ಅಮೆರಿಕದಿಂದ ಕಲಿಯುವುದೇನಿದೆ?' ಎಂದು ಎದೆ ತಟ್ಟಿಕೊಳ್ಳುತ್ತಾರೆ. ಅವರಿಗೆ ನನ್ನ ಮರುಪ್ರಶ್ನೆ: ಅನುಭವ ಮಂಟಪದ ಹೆಸರು ಹೇಳಿ ಎರಡು ಗಂಟೆ ಭಾಷಣ ಮಾಡುವ ನಮ್ಮ ವೇದಿಕೆಗಳಲ್ಲಿ ಕೇಳುಗರ ಪ್ರಶ್ನೆಗೆ ಎಷ್ಟು ನಿಮಿಷ ಇಡುತ್ತೇವೆ? ಹಿಂದಿನ ಸಾಲಿನ ತಾಯಂದಿರು ಏನು ಕೇಳಬೇಕೆಂದಿದ್ದಾರೆ ಎಂಬುದು ನಮಗೆ ಗೊತ್ತೇ? ಮತ್ತೊಬ್ಬರ ಬಾಯಿ ಕಟ್ಟಿ ಪ್ರಶ್ನಿಸುವ ಪರಂಪರೆಯನ್ನು ಹೊಗಳುವುದು ಶರಣರ ದಾರಿಯಲ್ಲ, ಅವರ ಹೆಸರಿನ ವ್ಯಾಪಾರ.

ಆದ್ದರಿಂದ ಮಠಗಳಿಗೂ ಸಂಘಟನೆಗಳಿಗೂ ನನ್ನ ಒತ್ತಾಯ ಇಷ್ಟೇ. ಪ್ರತಿ ಗೋಷ್ಠಿಯಲ್ಲಿ ಅರ್ಧ ಸಮಯ ಕೇಳುಗರಿಗೆ ಮೀಸಲಿಡಿ. ಅವರ ಪ್ರಶ್ನೆಗಳನ್ನು ತಿದ್ದದೆ ಬರೆದುಕೊಳ್ಳಿ. ಮುಖ್ಯವಾದ ಮೂರನ್ನು ಅವರೇ ಆರಿಸಲಿ. ಆ ಮೂರರಲ್ಲಿ ಒಂದು ಮಠದ ಲೆಕ್ಕಪತ್ರದ ಬಗ್ಗೆಯೇ ಇದ್ದರೂ ಹುಬ್ಬು ಗಂಟಿಕ್ಕದೆ ಉತ್ತರಿಸಿ. ನಮ್ಮನ್ನೇ ಕೇಳಲು ಹೆದರುವ ಜನ ತಹಸೀಲ್ದಾರರನ್ನೂ ಶಾಸಕರನ್ನೂ ಹೇಗೆ ಕೇಳಿಯಾರು?