ಮನೆಯ ಕಾಗದಪತ್ರ: ಪರದೇಶದಿಂದ ಬಂದವರ ಹಳೆಯ ಲೈಸೆನ್ಸು

ವರ್ಷಗಟ್ಟಲೆ ಪರದೇಶದಲ್ಲಿದ್ದು ಸ್ವದೇಶಕ್ಕೆ ಮರಳಿ, ಮುಂಬಯಿ, ಪುಣೆ, ಹೈದರಾಬಾದುಗಳಂಥ ಊರುಗಳಲ್ಲಿ ಮನೆ ಹೂಡುವ ಕನ್ನಡ ಕುಟುಂಬಗಳು ಈಗ ಕಡಮೆಯೇನಲ್ಲ. ಬಂದೊಡನೆ ಮಕ್ಕಳ ಶಾಲೆ, ಬಾಡಿಗೆಯ ಮನೆ, ಬ್ಯಾಂಕಿನ ಖಾತೆ, ಗ್ಯಾಸಿನ ಸಂಪರ್ಕ ಎಂದು ಓಡಾಟ ಹಿಡಿಯುತ್ತದೆ. ಒಂದು ವಸ್ತು ಮಾತ್ರ ಪೆಟ್ಟಿಗೆಯ ತಳದಲ್ಲಿಯೇ ಉಳಿಯುತ್ತದೆ. ಅದು, ಊರು ಬಿಡುವ ಮೊದಲು ಧಾರವಾಡದಲ್ಲೋ ಮಂಗಳೂರಿನಲ್ಲೋ ಪಡೆದ ಮೋಟಾರು ಲೈಸೆನ್ಸು. 'ಅದೊಂದು ಇದ್ದೇ ಇದೆಯಲ್ಲ' ಎಂಬ ಧೈರ್ಯ ಎಲ್ಲರಿಗೂ. ಇದ್ದೇ ಇದೆ, ನಿಜ. ಅದಕ್ಕೆ ಇನ್ನೂ ಜೀವವಿದೆಯೇ ಎಂಬುದನ್ನು ನೋಡಿದವರು ಮಾತ್ರ ವಿರಳ. ಈ ಸಂಚಿಕೆಯಲ್ಲಿ ಆ ವಿಚಾರವನ್ನೇ ಎತ್ತಿಕೊಳ್ಳೋಣ.

ಮೊದಲು ಅವಧಿಯ ಮಾತು. ಲೈಸೆನ್ಸಿನ ಆಯುಷ್ಯವನ್ನು ನಿಗದಿ ಮಾಡಿರುವುದು 1988ರ ಮೋಟಾರು ವಾಹನ ಕಾಯಿದೆ. ಆ ಕಾಯಿದೆಗೆ 2019ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಅದಕ್ಕೆ ಮುಂಚೆ, ಸ್ವಂತ ವಾಹನ ನಡೆಸುವವರ ಲೈಸೆನ್ಸಿಗೆ 20 ವರ್ಷ ಅಥವಾ ಅವರಿಗೆ 50 ವರ್ಷ ತುಂಬುವ ದಿನ, ಇವೆರಡರಲ್ಲಿ ಯಾವುದು ಮೊದಲು ಬರುವುದೋ ಅಲ್ಲಿಯ ತನಕ ಬೆಲೆಯಿತ್ತು. ತಿದ್ದುಪಡಿಯ ಮೇಲೆ ಲೆಕ್ಕ ಬದಲಾಯಿತು. 30 ವರ್ಷದೊಳಗಿನವರಿಗೆ 40 ತುಂಬುವ ತನಕ. 30ರಿಂದ 50ರೊಳಗಿನವರಿಗೆ 10 ವರ್ಷ. 50ರಿಂದ 55ರೊಳಗಿನವರಿಗೆ 60 ತುಂಬುವ ತನಕ. 55 ದಾಟಿದವರಿಗೆ ಪ್ರತಿ ಸಲವೂ 5 ವರ್ಷ. ಅವಧಿ ಮುಗಿದ ಮೇಲೂ 30 ದಿನ ವಾಹನ ನಡೆಸಬಹುದೆಂಬ ರಿಯಾಯಿತಿ ಹಿಂದೆ ಇತ್ತು. ಈಗ ಅದೂ ಇಲ್ಲ. ಮುಗಿದ ದಿನದ ಮರುದಿನವೇ ಲೈಸೆನ್ಸು ನಿರ್ಜೀವ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಿರಿ. 2003ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ ಲೈಸೆನ್ಸು ಪಡೆದರು. 2009ರಲ್ಲಿ ಪರದೇಶಕ್ಕೆ ಹೋದರು. 2025ರಲ್ಲಿ ಮರಳಿ ಪುಣೆಯಲ್ಲಿ ನೆಲೆಸಿದರು. ಲೈಸೆನ್ಸಿನ 20 ವರ್ಷ 2023ಕ್ಕೇ ತೀರಿತು. ಪರದೇಶದಲ್ಲಿ ಅವರ ಬಳಿ ಅಲ್ಲಿನ ಲೈಸೆನ್ಸಿದ್ದುದರಿಂದ ಈ ಸಂಗತಿ ಅವರನ್ನು ಕಾಡಲಿಲ್ಲ. ಕಾಡುವುದು ಇಲ್ಲಿ ಕಾರಿನ ಕೀಲಿ ಕೈಗೆ ಬಂದ ದಿನ.

ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚಿನಿಂದ ಮುಗಿದು ಒಂದು ವರ್ಷವಾಗುವ ತನಕ ನವೀಕರಣಕ್ಕೆ ಅರ್ಜಿ ಕೊಡಬಹುದು, ಪರೀಕ್ಷೆಯಿಲ್ಲ. ಆ ಒಂದು ವರ್ಷವೂ ಕಳೆದರೆ, ವಾಹನ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹೊರತು ನವೀಕರಿಸಕೂಡದೆಂದು ಕಾಯಿದೆ ಹೇಳುತ್ತದೆ. ಬಹಳ ವರ್ಷ ಕಳೆದಿದ್ದರೆ, ಕಲಿಯುವವರ ಲೈಸೆನ್ಸಿನಿಂದಲೇ ಹೊಸದಾಗಿ ಆರಂಭಿಸಿರೆಂದು ಕಚೇರಿಯವರು ಹೇಳುವುದೂ ಉಂಟು. ಆದ್ದರಿಂದ ಇನ್ನೂ ಪರದೇಶದಲ್ಲಿಯೇ ಇರುವ ಮಗನಿಗೋ ಅಳಿಯನಿಗೋ ಈಗಲೇ ಒಂದು ಮಾತು ತಿಳಿಸಿರಿ: "ರಜೆಗೆ ಬರುವಾಗ ನಿನ್ನ ಹಳೆಯ ಲೈಸೆನ್ಸನ್ನು ತೆಗೆದುಕೊಂಡು ಬಾ. ಮುಗಿಯಲು ಒಂದು ವರ್ಷದೊಳಗೆ ಇದ್ದರೆ ನವೀಕರಿಸಿಕೊಂಡೇ ಹೋಗು." ಎರಡು ದಿನದ ಕೆಲಸ ಮುಂದಿನ ಎರಡು ತಿಂಗಳ ಅಲೆದಾಟವನ್ನು ತಪ್ಪಿಸುತ್ತದೆ.

'ಪರದೇಶದ ಲೈಸೆನ್ಸು ಇದೆಯಲ್ಲ, ಅದು ನಡೆಯದೆ?' ಎಂದು ಕೇಳುವವರುಂಟು. ಇಲ್ಲಿ ನೆಲೆಸಿದವರಿಗೆ ಇಲ್ಲಿನ ಲೈಸೆನ್ಸೇ ಬೇಕು. ಅಂತರರಾಷ್ಟ್ರೀಯ ಪರವಾನಿಗೆಯೆಂಬುದು ಒಂದು ದೇಶದ ಲೈಸೆನ್ಸನ್ನು ಇನ್ನೊಂದು ದೇಶದವರಿಗೆ ಓದಿ ತಿಳಿಸುವ ಕಾಗದ. ಅದು ಪ್ರವಾಸಿಗರಿಗೆ ಅನುಕೂಲವೇ ಹೊರತು ಮನೆ ಮಾಡಿ ಕುಳಿತವರಿಗಲ್ಲ. ಆದರೂ ಪರದೇಶದ ಲೈಸೆನ್ಸನ್ನು ಕಸಕ್ಕೆ ಎಸೆಯಬೇಡಿರಿ. ಇಲ್ಲಿ ಹೊಸ ಲೈಸೆನ್ಸು ಕೇಳುವವರು ಅದೇ ತರಗತಿಯ ವಾಹನಕ್ಕೆ ಪರದೇಶದ ಅಧಿಕೃತ ಲೈಸೆನ್ಸು ಹೊಂದಿದ್ದು, ವೈದ್ಯರ ಪ್ರಮಾಣಪತ್ರವನ್ನೂ ಒದಗಿಸಿದರೆ ಪರೀಕ್ಷೆಯ ಅಗತ್ಯವಿಲ್ಲವೆಂದು ಕಾಯಿದೆಯ 9ನೆಯ ಕಲಮಿನಲ್ಲಿಯೇ ಇದೆ. ಅದರ ಅವಧಿ ಮುಗಿಯುವ ಮೊದಲೇ ಕಚೇರಿಯಲ್ಲಿ ಈ ಕಲಮನ್ನು ವಿನಯದಿಂದ ನೆನಪಿಸಿರಿ.

ಇನ್ನು ಯಾವ ಊರಿನ ಕಚೇರಿ? ಪರರಾಜ್ಯದಲ್ಲಿರುವ ನಮಗೆ ಇದೇ ದೊಡ್ಡ ಗೊಂದಲ. ಕರ್ನಾಟಕದಲ್ಲಿ ಕೊಟ್ಟ ಲೈಸೆನ್ಸು ಭಾರತದಾದ್ಯಂತ ನಡೆಯುತ್ತದೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರಿಸಿಕೊಂಡ ಕಾರಿಗೆ ಹೊಸ ನೋಂದಣಿ ಬೇಕೆಂಬ ನಿಯಮ ವಾಹನಕ್ಕೆ ಸೇರಿದ್ದು, ನಡೆಸುವವನಿಗಲ್ಲ. ಇವೆರಡನ್ನೂ ಕಲಸಿಕೊಂಡು ಗಾಬರಿಯಾಗುವವರು ಅನೇಕರು. ನವೀಕರಣವನ್ನು ಕೊಟ್ಟ ಕಚೇರಿಯೇ ಮಾಡಬೇಕೆಂದಿಲ್ಲ. ನೀವು ಈಗಿರುವ ಊರಿನ ಕಚೇರಿಯೂ ಮಾಡಬಹುದು. ಮಾಡಿದ ಮೇಲೆ ಮೂಲ ಕಚೇರಿಗೆ ತಿಳಿಸುವುದು ಅವರ ಹೊಣೆ. ವಿಳಾಸದ ಬದಲಾವಣೆಯನ್ನೂ ಅದೇ ಸಂದರ್ಭದಲ್ಲಿ ಮಾಡಿಸಿಕೊಳ್ಳುವುದು ಜಾಣತನ.

ಒಂದು ತೊಡಕು ಉಂಟು. ಕೈಬರಹದ ಹಳೆಯ ಪುಸ್ತಕರೂಪದ ಲೈಸೆನ್ಸುಗಳ ವಿವರ ಕೇಂದ್ರ ಸರ್ಕಾರದ 'ಸಾರಥಿ' ಗಣಕ ದಾಖಲೆಯಲ್ಲಿ ಸೇರಿರದೆ ಇರಬಹುದು. ನಂಬರನ್ನೂ ಹುಟ್ಟಿದ ದಿನವನ್ನೂ ಕೊಟ್ಟು ಮನೆಯಲ್ಲಿಯೇ ನೋಡಿರಿ. ಸಿಗದಿದ್ದರೆ ಲೈಸೆನ್ಸನ್ನು ಕೊಟ್ಟ ಮೂಲ ಕಚೇರಿಯನ್ನೇ ಕೇಳಬೇಕು. ಹಳೆಯ ರಿಜಿಸ್ಟರು ಇರುವುದು ಅಲ್ಲಿಯೇ. ನಂಬರಿನ ಆರಂಭದಲ್ಲಿ ಕೆ.ಎ. 25 ಎಂದಿದ್ದರೆ ಧಾರವಾಡ, ಕೆ.ಎ. 19 ಎಂದಿದ್ದರೆ ಮಂಗಳೂರು. ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ ಒಂದು ಬೆಳಗನ್ನು ಇದಕ್ಕೆಂದು ಮೀಸಲಿಡಿರಿ.

ಎರಡನೆಯ ತೊಡಕು ನಮ್ಮ ಹೆಸರಿನದು. ಊರಿನ ಹೆಸರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ, ಆಮೇಲೆ ಸ್ವಂತ ಹೆಸರು: ಮೈಸೂರು ಕಡೆಯವರ ರೂಢಿ ಇದು. ಹಳೆಯ ಲೈಸೆನ್ಸಿನಲ್ಲಿ ಹಾಗೆಯೇ ಇರುತ್ತದೆ. ಪಾಸುಪೋರ್ಟಿನಲ್ಲಿ ಆ ಅಕ್ಷರಗಳು ಬಿಡಿಸಿ ನಿಂತಿರುತ್ತವೆ. ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ. ಅಡ್ಡಹೆಸರಿಲ್ಲದವರನ್ನು ಕಂಡರಿಯದ ಊರಿನ ಗುಮಾಸ್ತರಿಗೆ ಮೂರು ಕಾಗದದಲ್ಲಿ ಮೂವರು ಮನುಷ್ಯರು ಕಂಡರೆ ತಪ್ಪು ಅವರದಲ್ಲ. ಅರ್ಜಿಗೆ ಮೊದಲೇ ಆಧಾರನ್ನೂ ಪಾಸುಪೋರ್ಟನ್ನೂ ಒಂದೇ ರೂಪಕ್ಕೆ ತನ್ನಿರಿ. ಆಗದಿದ್ದರೆ ಮೂವರೂ ಒಬ್ಬರೇ ಎಂಬ ಅಫಿಡವಿಟ್ಟನ್ನು ಸಿದ್ಧವಾಗಿಟ್ಟುಕೊಳ್ಳಿರಿ.

ಒಂದು ಕಾಗದಕ್ಕೆ ಇಷ್ಟು ತಾಪತ್ರಯವೇಕೆ ಎನ್ನುವವರು ಮುಂದಿನ ಮಾತನ್ನು ಲಕ್ಷ್ಯವಿಟ್ಟು ಓದಬೇಕು. ಪರದೇಶದಿಂದ ಅಳಿಯಂದಿರು ಬಂದಿದ್ದಾರೆ. ಸಂಜೆ ಎಲ್ಲರೂ ದೇವಸ್ಥಾನಕ್ಕೆ ಹೊರಟಿದ್ದಾರೆ. "ನೀವೇ ನಡೆಸಿ, ನನಗೆ ಕತ್ತಲಲ್ಲಿ ಕಣ್ಣು ಮಂಜು" ಎಂದು ಮಾವನವರು ಕೀಲಿಯನ್ನು ಕೊಡುತ್ತಾರೆ. ಅಳಿಯಂದಿರ ಇಲ್ಲಿನ ಲೈಸೆನ್ಸು ತೀರಿಹೋಗಿದೆ, ಯಾರೂ ಕೇಳಿಲ್ಲ. ಪೊಲೀಸರು ತಡೆದರೆ ನಡೆಸಿದವರಿಗೆ ರೂ. 5,000 ದಂಡ, ಇಲ್ಲವೆ ಮೂರು ತಿಂಗಳ ತನಕ ಸೆರೆ, ಇಲ್ಲವೆ ಎರಡೂ. ಲೈಸೆನ್ಸಿಲ್ಲದವರ ಕೈಗೆ ವಾಹನ ಕೊಟ್ಟದ್ದಕ್ಕೆ ಮಾಲಿಕರಾದ ಮಾವನವರ ಮೇಲೂ ಬೇರೆ ಮೊಕದ್ದಮೆ ಬರಬಹುದು. ಇಷ್ಟೇ ಆದರೆ ಪುಣ್ಯ. ದೇವರು ಮಾಡದಿರಲಿ, ಅಪಘಾತವಾಯಿತೆನ್ನಿ. ಕಾರಿನ ರಿಪೇರಿಗೆ ಹಣ ಕೊಡಲು ವಿಮಾ ಕಂಪನಿ ನಿರಾಕರಿಸಬಹುದು. ಗಾಯಗೊಂಡವರಿಗೆ ಪರಿಹಾರವನ್ನು ಮೊದಲು ಕಂಪನಿಯೇ ಕೊಟ್ಟು, ಆ ಮೊತ್ತವನ್ನು ಮಾಲಿಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆಜ್ಞೆ ಮಾಡುವುದುಂಟು. 2004ರ ಸುಪ್ರೀಂ ಕೋರ್ಟಿನ ಒಂದು ಪ್ರಸಿದ್ಧ ತೀರ್ಪು ಈ ದಾರಿಯನ್ನು ವಿವರಿಸಿದೆ. ನಿವೃತ್ತರೊಬ್ಬರ ಜೀವಮಾನದ ಉಳಿತಾಯ ಹೀಗೆ ಹೋಗಲು ಒಂದು ಸಂಜೆ ಸಾಕು. ಅಳಿಯಂದಿರನ್ನು ಲೈಸೆನ್ಸು ಕೇಳುವುದು ಹೇಗೆ ಎಂಬ ಸಂಕೋಚ ಇಲ್ಲಿ ಕೂಡದು. ಕೇಳುವುದು ಅವಮಾನವಲ್ಲ, ಮನೆಯ ಹಿರಿಯರ ಕರ್ತವ್ಯ.

ಪರೀಕ್ಷೆ ಬಂದರೆ ಮುಖ ಸಣ್ಣದು ಮಾಡಿಕೊಳ್ಳುವ ಕಾರಣವೂ ಇಲ್ಲ. ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ, ಜರ್ಮನಿಯಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಹೋಗುತ್ತವೆ, ನಮ್ಮಲ್ಲಿ ಎಡಕ್ಕೆ. ಹದಿನೈದು ವರ್ಷ ಅಲ್ಲಿ ನಡೆಸಿದವರ ಕೈ, ಕಣ್ಣು ಎರಡೂ ತಿರುವಿನಲ್ಲಿ ಹಳೆಯ ಅಭ್ಯಾಸಕ್ಕೇ ಎಳೆಯುತ್ತವೆ. ಅಲ್ಲಿ ಗೇರು ತಾನಾಗಿಯೇ ಬದಲಾಗುವ ಕಾರು. ಇಲ್ಲಿ ಮಾವನವರದು ಕ್ಲಚ್ಚಿನ ಕಾರು. ಅಲ್ಲಿ ತನ್ನ ಸಾಲಿನಲ್ಲಿ ಹೋದರೆ ಸಾಕು. ಇಲ್ಲಿ ಆಟೋರಿಕ್ಷಾ, ಕೈಗಾಡಿ, ದನ, ಎದುರಿನಿಂದ ಬರುವ ಸ್ಕೂಟರು ಎಲ್ಲಕ್ಕೂ ದಾರಿ ಬಿಡಬೇಕು. ಒಂದು ವಾರ ಡ್ರೈವಿಂಗ್ ಶಾಲೆಯವರ ಪಕ್ಕದಲ್ಲಿ ಕುಳಿತು ಮುಂಜಾನೆಯ ಖಾಲಿ ರಸ್ತೆಯಲ್ಲಿ ಕೈ ಪಳಗಿಸಿಕೊಂಡರೆ ಪರೀಕ್ಷೆಯೂ ಸುಲಭ, ಮನೆಯವರಿಗೂ ನೆಮ್ಮದಿ.

ಕೊನೆಯದಾಗಿ, ಕೆಲಸದ ಕ್ರಮ. ಅರ್ಜಿಯನ್ನು 'ಪರಿವಾಹನ್' ಜಾಲತಾಣದ 'ಸಾರಥಿ' ವಿಭಾಗದಲ್ಲಿ ತುಂಬಿರಿ. ಹಳೆಯ ಲೈಸೆನ್ಸು, ಈಗಿನ ವಿಳಾಸದ ಪುರಾವೆ, ಹುಟ್ಟಿದ ದಿನದ ಪುರಾವೆ ಜೊತೆಗಿರಲಿ. 40 ದಾಟಿದವರಿಗೆ 'ನಮೂನೆ 1ಎ' ಎಂಬ ವೈದ್ಯರ ಪ್ರಮಾಣಪತ್ರ ಬೇಕಾಗುತ್ತದೆ. ಕಣ್ಣಿನ ಪರೀಕ್ಷೆಯನ್ನು ನಿಜವಾಗಿಯೇ ಮಾಡಿಸಿರಿ. ಪರೀಕ್ಷೆಯ ಅಗತ್ಯವಿಲ್ಲದ ನವೀಕರಣವನ್ನು ಆಧಾರ್ ಮೂಲಕ ಮನೆಯಿಂದಲೇ ಮಾಡಿಕೊಳ್ಳುವ ಅವಕಾಶವನ್ನು 2021ರಿಂದ ಕಲ್ಪಿಸಲಾಗಿದೆ. ಕಚೇರಿಯ ಬಾಗಿಲಲ್ಲಿ 'ಪರೀಕ್ಷೆಯಿಲ್ಲದೆ ಮಾಡಿಸಿಕೊಡುತ್ತೇನೆ' ಎನ್ನುವ ದಲ್ಲಾಳಿಗೆ ದೂರದಿಂದಲೇ ನಮಸ್ಕಾರ ಹೇಳಿರಿ. ಅವನು ಕೊಡಿಸುವುದು ಕಾಗದವನ್ನು ಮಾತ್ರ. ರಸ್ತೆಯಲ್ಲಿ ಬೇಕಾದದ್ದು ಕೈಯ ಹದ.

ವಾಚಕರು ಈ ಸಂಚಿಕೆಯನ್ನು ಕೆಳಗಿಟ್ಟು, ಈಗಲೇ ಎದ್ದು, ಮನೆಯಲ್ಲಿರುವ ಎಲ್ಲ ಲೈಸೆನ್ಸುಗಳ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಲಿ. ಪರದೇಶದಲ್ಲಿರುವ ಮಕ್ಕಳದನ್ನೂ ಕೇಳಿ ಬರೆಯಲಿ.