ಮಂಗನ ಕಾಯಿಲೆ ಮಂಗನಿಂದ ಬರುವುದೇ?

ಹೊನ್ನಾವರ ತಾಲೂಕಿನ ಕಾಡಂಚಿನ ಊರೊಂದರಿಂದ ವಾಚಕ ಮಹನೀಯರೊಬ್ಬರು ಹೀಗೆ ಕೇಳಿರುವರು: “ನಮ್ಮ ಹಿತ್ತಿಲಿಗೆ ಮಂಗಗಳ ಹಿಂಡು ಬರುತ್ತದೆ. ಅವುಗಳನ್ನು ಅಟ್ಟಿಬಿಟ್ಟರೆ ಮಂಗನ ಕಾಯಿಲೆಯ ಭಯ ತಪ್ಪುವುದೇ?” ಭಟ್ಕಳ, ಕುಮಟಾ ಸೀಮೆಗಳ ಗೃಹಸ್ಥರಿಗೂ ಈ ಪ್ರಶ್ನೆ ಸಂಬಂಧಿಸಿದುದಾದಕಾರಣ ಇಲ್ಲಿಯೇ ಉತ್ತರಿಸುವೆವು.

ತಪ್ಪದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬೇಕೆಂಬುದು ತರ್ಕದ ಮೊದಲ ಪಾಠ. ಹೊಗೆಯನ್ನೇ ಬೆಂಕಿಯೆಂದು ಬಗೆದು ಬೀಸಣಿಗೆಯಿಂದ ಅಟ್ಟುವವನಿಗೆ ಏನೆನ್ನೋಣ? ಮಂಗನ ಸಾವು ಹೊಗೆ ಮಾತ್ರ. ಬೆಂಕಿ ಇರುವುದು ನೆಲದ ಮೇಲಿನ ತರಗೆಲೆಗಳಲ್ಲಿ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು; ಸುತ್ತಲಿನ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿದ್ವಾಂಸರು ಪರೀಕ್ಷಿಸಿ, ಇದು ಹೊಸದೊಂದು ವೈರಸ್ಸೆಂದೂ, ಅದನ್ನು ಹರಡತಕ್ಕದ್ದು ಉಣ್ಣೆ, ಅಂದರೆ ಉಣುಗು, ಎಂದೂ ಕಂಡುಕೊಂಡರು. ಮಂಗನೂ ನಮ್ಮಂತೆಯೇ ಅದರ ಕಡಿತಕ್ಕೆ ಸಿಕ್ಕ ರೋಗಿ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿಯುವುದರಿಂದ ಆ ಸ್ಥಳವು ಅಪಾಯಕರವಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಅಂಟದು. ರೋಗಿಯ ಶುಶ್ರೂಷೆಗೆ ಯಾರೂ ಅಂಜಬೇಕಾಗಿಲ್ಲ.

ಬೆಳೆದ ಉಣುಗು ದನದ ರಕ್ತವನ್ನು ಹೀರಿ, ನೆಲಕ್ಕೆ ಬಿದ್ದು ರಾಶಿ ಮೊಟ್ಟೆಗಳನ್ನಿಡುತ್ತದೆ. ಮಳೆಗಾಲ ಕಳೆದ ಮೇಲೆ ಹೊರಬೀಳುವ ಆರು ಕಾಲಿನ ಮರಿಗಳು, ರಕ್ತ ಕುಡಿದು ಪೊರೆ ಕಳಚಿ, ಚಳಿಗಾಲದ ಹೊತ್ತಿಗೆ ಎಂಟು ಕಾಲಿನವಾಗುತ್ತವೆ. ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಕಣ್ಣಿಗೆ ಬೀಳದಷ್ಟು ಸಣ್ಣವಾದ ಇವೇ. ಅದೇ ತಿಂಗಳುಗಳಲ್ಲಿ ನಮ್ಮವರು ಸೊಪ್ಪಿನ ಬೆಟ್ಟದಿಂದ ತರಗೆಲೆ ಗುಡಿಸಿ ಕೊಟ್ಟಿಗೆಗೂ ತೋಟಕ್ಕೂ ಹೊತ್ತು ತರುವರು. ನಾವೂ ಒಮ್ಮೆ ಹಿತ್ತಿಲಿನ ಮಂಗನಿಗೆ ಕಲ್ಲು ಬೀರಿ ಓಡಿಸಿ, ಮಹತ್ಕಾರ್ಯ ಮಾಡಿದವರಂತೆ ಆ ತರಗೆಲೆಯ ರಾಶಿಯ ಮೇಲೆಯೇ ಕುಳಿತು ವಿಶ್ರಮಿಸಿದ್ದುಂಟು!

ಆದಕಾರಣ ಮಾಡತಕ್ಕದ್ದಿಷ್ಟು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆಯಿರಲಿ. ಆರೋಗ್ಯ ಇಲಾಖೆಯವರು ಕೊಡುವ ತೈಲವನ್ನು ಅವರು ಹೇಳಿದಂತೆ ಹಚ್ಚಿಕೊಳ್ಳಿರಿ. ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ ಸ್ನಾನ ಮಾಡಿರಿ. ಮಕ್ಕಳನ್ನು ತರಗೆಲೆಯ ರಾಶಿಯಲ್ಲಿ ಆಡಗೊಡಬೇಡಿರಿ. ದನಗಳ ಉಣುಗಿಗೆ ಪಶುವೈದ್ಯರಿಂದ ಔಷಧ ಕೇಳಿರಿ. ಸತ್ತ ಮಂಗನನ್ನು ಕಂಡರೆ ಮುಟ್ಟದೆ, ಹತ್ತಿರ ಹೋಗದೆ, ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಥಟ್ಟನೆ ಜ್ವರ, ತಲೆಶೂಲೆ, ಸಹಿಸಲಾರದ ಮೈನೋವು ಬಂದರೆ ಮನೆಯ ಕಷಾಯವನ್ನು ನಂಬಿ ದಿನಗಳೆಯಬೇಡಿರಿ. ವೈದ್ಯರ ಬಳಿಗೆ ಹೋಗಿ, “ಕಾಡಿಗೆ ಹೋಗಿದ್ದೆ” ಎಂಬ ಮಾತನ್ನು ಮೊದಲು ಹೇಳಿರಿ. ರಕ್ತಪರೀಕ್ಷೆಗೆ ಅದೇ ದಾರಿ. ಕೆಲವರಲ್ಲಿ ಜ್ವರ ಬಿಟ್ಟು, ವಾರದ ಮೇಲೆ ಮರಳುವುದೂ ಉಂಟು. ಮೂಗು, ವಸಡುಗಳಿಂದ ರಕ್ತ ಬರುವುದೂ ಉಂಟು. ಈ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಆದರೆ ಸಕಾಲದ ಶುಶ್ರೂಷೆಯಿಂದ ಬಹುಮಂದಿ ಗುಣಹೊಂದುವರು. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು. ಆದ್ದರಿಂದ ಎಚ್ಚರಿಕೆಯೇ ಮನೆಯವರ ಕೈಯಲ್ಲಿರುವ ಮದ್ದು.

ಪ್ರಶ್ನೆ ಕೇಳಿದ ಮಹನೀಯರು ಮಂಗನ ಮೇಲಿನ ಕೋಪವನ್ನು ಬಿಟ್ಟು, ಇಂದೇ ಅಂಗಳದ ತರಗೆಲೆಯ ರಾಶಿಯನ್ನು ಮನೆಯಿಂದ ದೂರಕ್ಕೆ ಸಾಗಿಸುವರೆಂದು ನಂಬಿರುವೆವು.